ಫಾರ್ಮ್ಯಾಟ್ ಹೊಡೆಯುವ ಮುನ್ನ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯಿತು. ಮೈಕ್ರೋಸಾಫ್ಟ್‌ನಿಂದ ಅದಕ್ಕೆ ಬರುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು ನಿಂತವು. ವಿಂಡೋಸ್ 11 ಹಾಕಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನದಾಗಿರಬೇಕು. ಅಡಿಕೆ ಮಂಡಿ, ಆಡಿಟರ ಕಚೇರಿ, ಔಷಧದ ಸಗಟು ಅಂಗಡಿ, ಪತ್ತಿನ ಸಹಕಾರ ಸಂಘ, ಎಲ್ಲ ಕಡೆಯೂ ಹತ್ತು ವರ್ಷ ದುಡಿದ ಡಬ್ಬಗಳು ಮೇಜಿನಿಂದ ಇಳಿದು ಅವುಗಳ ಜಾಗಕ್ಕೆ ಹೊಸವು ಬರುತ್ತಿವೆ. ಹೊಸ ಯಂತ್ರ ಬಂದ ದಿನ ಸಂಜೆಯೊಳಗೆ ಬಿಲ್ಲಿಂಗ್ ಶುರುವಾಗಬೇಕು. ಆಗುವುದಿಲ್ಲ. ಸೆಟಪ್ ಮುಕ್ಕಾಲು ಪಾಲು ಓಡಿ ನಿಲ್ಲುತ್ತದೆ, ಪರದೆಯ ಮೇಲೆ ಒಂದು ಸಂಖ್ಯೆ ಬರುತ್ತದೆ, ಅದನ್ನು ಯಾರೂ ಓದುವ ಮೊದಲೇ ‘ಓಕೆ’ ಒತ್ತಿಯಾಗಿರುತ್ತದೆ. ಆಮೇಲೆ ಬರುವುದು ಈ ಮಾತು: ‘ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್, ಫ್ರೆಶ್ ಆಗಿ ಹಾಕಿದ್ರೆ ಸರಿಹೋಗುತ್ತೆ.’

ಈ ಮಾತು ಕೇಳಿದಾಗೆಲ್ಲ ನನಗೆ ಆತಂಕವಾಗುತ್ತದೆ. ಹೇಳುವ ಹುಡುಗನ ಮೇಲೆ ಬೇಸರವಿಲ್ಲ. ಅವನಿಗೆ ಅದೇ ದಿನ ಇನ್ನೂ ನಾಲ್ಕು ಕಚೇರಿಗೆ ಹೋಗಬೇಕಿರುತ್ತದೆ, ಮಾಲೀಕರು ತಲೆಯ ಮೇಲೇ ನಿಂತಿರುತ್ತಾರೆ, ಕಾರಣ ಹುಡುಕುವುದಕ್ಕೆ ಯಾರೂ ಕಾಸು ಕೊಡುವುದಿಲ್ಲ. ಆದರೆ ಡಿಸ್ಕ್ ಅಳಿಸಿದೊಡನೆ ಏನು ತಪ್ಪಿತ್ತೆಂದು ಹೇಳಬಲ್ಲ ಸಾಕ್ಷಿಯೂ ಅಳಿಸಿಹೋಗುತ್ತದೆ. ತಪ್ಪು ಮಾತ್ರ ಬಹಳ ಸಲ ಅಲ್ಲೇ ಉಳಿದಿರುತ್ತದೆ.

ಇದಕ್ಕೆ ಈಚಿನ ಒಂದು ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಔಷಧದ ಸಗಟು ವ್ಯಾಪಾರದ ಒಂದು ಕಚೇರಿ. ಹೊಸ ಯಂತ್ರಕ್ಕೆ ವೇಗದ ಎನ್‌ವಿಎಂಇ ಡಿಸ್ಕ್, ವಿಂಡೋಸ್ 11. ಬಿಲ್ಲಿಂಗ್ ತಂತ್ರಾಂಶಕ್ಕೆ ಅಡಿಪಾಯವಾಗಿ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಬೇಕು. ಅದನ್ನು ಹಾಕುವಾಗ ಕೊನೆಯ ಹಂತದಲ್ಲಿ ಡೇಟಾಬೇಸ್ ಎಂಜಿನ್ ಏಳಲೇ ಇಲ್ಲ. ಅಳಿಸಿ ಹಾಕಿದರು, ಅದೇ ಜಾಗದಲ್ಲಿ ನಿಂತಿತು. ವಿಂಡೋಸನ್ನೇ ಹೊಸದಾಗಿ ಹಾಕಿದರು, ಮತ್ತೆ ಅದೇ ಜಾಗ. ಹಳೆಯ ಕಂಪ್ಯೂಟರ್‌ನಲ್ಲಿ ಅದೇ ಸೆಟಪ್ ಫೈಲ್ ತಕರಾರಿಲ್ಲದೆ ಕೂತಿತ್ತು. ಹಾಗಾಗಿ ಅನುಮಾನವೆಲ್ಲ ವೈರಸ್ ಮೇಲೆ, ಆಮೇಲೆ ಪೆನ್‌ಡ್ರೈವ್ ಮೇಲೆ, ಆಮೇಲೆ ಯಂತ್ರ ಮಾರಿದವನ ಮೇಲೆ ಹೋಯಿತು.

ತಂತ್ರಾಂಶ ಕಂಪನಿಯ ಸಪೋರ್ಟ್‌ನಲ್ಲಿದ್ದ ಹುಡುಗಿ ಫೋನಿನಲ್ಲಿ ಕೇಳಿದ್ದು ಒಂದೇ: ‘ಅಣ್ಣಾ, ಇನ್ನೊಂದ್ಸಲ ಫಾರ್ಮ್ಯಾಟ್ ಬೇಡ. ಆ ಮೆಸೇಜಲ್ಲೇ ಎರರ್ ಲಾಗ್ ನೋಡಿ ಅಂತ ಬರ್ದಿದೆ. ಆ ಫೈಲ್ ಕಳ್ಸಿ.’ ಲಾಗ್ ಫೈಲ್‌ನಲ್ಲಿ ಉತ್ತರವಿತ್ತು. ಡಿಸ್ಕ್‌ಗೆ ಬರೆಯುವ ಅಳತೆಯೇ ಹೊಂದುತ್ತಿಲ್ಲ ಎಂದು ಅದು ಮತ್ತೆಮತ್ತೆ ದೂರಿತ್ತು.

ಡಿಸ್ಕ್ ತಾನು ಬರೆಯುವ ಅತಿ ಚಿಕ್ಕ ತುಂಡನ್ನು ಸೆಕ್ಟರ್ ಎನ್ನುತ್ತಾರೆ. ಎಸ್‌ಕ್ಯೂಎಲ್ ಸರ್ವರ್‌ಗೆ ಗೊತ್ತಿರುವ ಅಳತೆಗಳು ಎರಡೇ: 512 ಬೈಟ್ ಮತ್ತು 4 ಕಿಲೋಬೈಟ್. ಕೆಲವು ಹೊಸ ಎನ್‌ವಿಎಂಇ ಡಿಸ್ಕ್‌ಗಳು ತಮ್ಮದು 8 ಅಥವಾ 16 ಕಿಲೋಬೈಟ್ ಎಂದು ಹೇಳಿಕೊಳ್ಳುತ್ತವೆ. ವಿಂಡೋಸ್ 10 ಆ ಮಾತನ್ನು ಮೇಲಕ್ಕೆ ದಾಟಿಸುತ್ತಿರಲಿಲ್ಲ. ವಿಂಡೋಸ್ 11 ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ, ಡೇಟಾಬೇಸ್ ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ಪರಿಹಾರವನ್ನು ಮೈಕ್ರೋಸಾಫ್ಟೇ ಬರೆದಿಟ್ಟಿದೆ. ರಿಜಿಸ್ಟ್ರಿಯಲ್ಲಿ ಒಂದು ನಮೂದು ಸೇರಿಸಿ 4 ಕಿಲೋಬೈಟ್ ಎಂದೇ ಹೇಳುವಂತೆ ಡಿಸ್ಕ್‌ನ ಡ್ರೈವರನ್ನು ಒಪ್ಪಿಸಬೇಕು, ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಬೇಕು. ಐದು ನಿಮಿಷದ ಕೆಲಸ. ಫಾರ್ಮ್ಯಾಟ್ ಹೊಡೆಯುವುದನ್ನು ನೂರು ಸಲ ಮಾಡಿದ್ದರೂ ಈ ಐದು ನಿಮಿಷ ಸಿಗುತ್ತಿರಲಿಲ್ಲ, ಏಕೆಂದರೆ ತೊಡಕು ಇದ್ದದ್ದು ಅಳಿಸಲಾಗದ ಜಾಗದಲ್ಲಿ.

‘ನೆಕ್ಸ್ಟ್, ನೆಕ್ಸ್ಟ್, ಫಿನಿಶ್’ ಎಂದು ಒತ್ತುವಷ್ಟರಲ್ಲಿ ಒಳಗೆ ನಡೆಯುವುದು ಬಹಳ. ಇನ್‌ಸ್ಟಾಲರ್ ಮೊದಲು ಯಂತ್ರ ತಕ್ಕದ್ದೇ ಎಂದು ಪರೀಕ್ಷಿಸುತ್ತದೆ. ಫೈಲ್‌ಗಳನ್ನು ಇಳಿಸುತ್ತದೆ, ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಲೈಬ್ರರಿಗಳು ಇವೆಯೇ ನೋಡಿ ಇಲ್ಲದಿದ್ದರೆ ತರುತ್ತದೆ, ರಿಜಿಸ್ಟ್ರಿಯಲ್ಲಿ ಬರೆಯುತ್ತದೆ, ಹಿನ್ನೆಲೆಯಲ್ಲಿ ಸದಾ ಓಡಬೇಕಾದ ಸರ್ವೀಸನ್ನು ನೋಂದಾಯಿಸಿ ಎಬ್ಬಿಸುತ್ತದೆ. ಇವುಗಳಲ್ಲಿ ಒಂದು ಹೆಜ್ಜೆ ತಪ್ಪಿದರೂ ಸಾಕು, ಮಾಡಿದ್ದನ್ನೆಲ್ಲ ಹಿಂದಕ್ಕೆ ಸುತ್ತಿಕೊಂಡು ಯಂತ್ರವನ್ನು ಮೊದಲಿನ ಸ್ಥಿತಿಗೆ ಬಿಟ್ಟು ಹೋಗುತ್ತದೆ. ಕೊನೆಗೆ ಕಾಣಿಸುವುದು 1603 ಎಂಬ ಸಂಖ್ಯೆ. ವಿಂಡೋಸ್ ಇನ್‌ಸ್ಟಾಲರ್‌ನ ಕಡತದಲ್ಲಿ ಅದರ ಅರ್ಥ ‘ಅಳವಡಿಸುವಾಗ ಮಾರಕ ದೋಷ’ ಎಂದಷ್ಟೇ. ರೋಗಿಗೆ ಮೈ ಹುಷಾರಿಲ್ಲ ಎಂದ ಹಾಗೆ; ಯಾವ ರೋಗ ಎಂದು ಹೇಳಿದಂತಾಗಲಿಲ್ಲ. ಆ ಸಂಖ್ಯೆಗೆ ಪರಿಹಾರ ಹುಡುಕಿ ಪ್ರಯೋಜನವಿಲ್ಲ. ಲಾಗ್ ಬರೆಯುವ ಆಯ್ಕೆ ಕೊಟ್ಟು ಇನ್‌ಸ್ಟಾಲರನ್ನು ಮತ್ತೊಮ್ಮೆ ಓಡಿಸಿ, ಆ ಉದ್ದನೆಯ ಕಡತದಲ್ಲಿ ‘ರಿಟರ್ನ್ ವ್ಯಾಲ್ಯೂ 3’ ಎಂದು ಹುಡುಕಬೇಕು. ಅದು ಮೊದಲು ಕಾಣಿಸಿಕೊಂಡ ಜಾಗದಿಂದ ಕೆಲವು ಸಾಲು ಮೇಲಕ್ಕೆ ಹೋದರೆ ನಿಜವಾದ ಕಾರಣ ಸಾಮಾನ್ಯವಾಗಿ ಅಲ್ಲಿರುತ್ತದೆ. ಒಂದು ಫೋಲ್ಡರ್‌ಗೆ ಬರೆಯಲು ಅನುಮತಿ ಇರಲಿಲ್ಲ, ಒಂದು ಸರ್ವೀಸ್ ಏಳಲಿಲ್ಲ, ಹಳೆಯ ಆವೃತ್ತಿಯ ತುಣುಕೊಂದು ಉಳಿದಿತ್ತು. 1618 ಬಂದರಂತೂ ಹೆದರುವುದೇ ಬೇಡ. ಇನ್ನೊಂದು ಇನ್‌ಸ್ಟಾಲ್ ಆಗಲೇ ನಡೆಯುತ್ತಿದೆ, ಮುಗಿಯುವವರೆಗೆ ಕಾಯಿರಿ ಎಂದಷ್ಟೇ.

ಹಳೆಯ ತಂತ್ರಾಂಶಗಳ ಕತೆ ಬೇರೆ. ನಮ್ಮ ಎಷ್ಟೋ ಸಂಘಗಳು, ಮಿಲ್ಲುಗಳು ಇವತ್ತಿಗೂ ಡಾಸ್ ಕಾಲದ ಫಾಕ್ಸ್‌ಪ್ರೊದಲ್ಲಿ ಊರಿನವರೇ ಯಾರೋ ಬರೆದುಕೊಟ್ಟ ಪ್ರೋಗ್ರಾಮ್ ನಂಬಿಕೊಂಡಿವೆ. ಷೇರುದಾರರ ಲೆಕ್ಕ, ಬಡ್ಡಿ, ಡಿವಿಡೆಂಡ್ ಎಲ್ಲ ಅದರಲ್ಲೇ. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮನ್ನು ಓಡಿಸುವುದೇ ಇಲ್ಲ, ಮತ್ತು ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಎಷ್ಟು ಸಲ ಹಾಕಿದರೂ, ಯಾವ ಕಂಪ್ಯಾಟಿಬಿಲಿಟಿ ಗುರುತು ಒತ್ತಿದರೂ ಅದು ಬದಲಾಗದು. ಇಲ್ಲಿ ಬೇಕಾದ್ದು ಡಾಸ್‌ಬಾಕ್ಸ್ ತರಹದ ಎಮ್ಯುಲೇಟರ್, ಇಲ್ಲವೇ ಹೊಸ ಯಂತ್ರದೊಳಗೆ ಹಳೆಯ ವಿಂಡೋಸನ್ನು ಇಟ್ಟುಕೊಂಡ ವರ್ಚುವಲ್ ಮಷೀನ್. ಜೊತೆಗೆ, ಆ ದತ್ತಾಂಶವನ್ನು ಹೊಸ ರೂಪಕ್ಕೆ ತರುವ ಯೋಜನೆ ಆದಷ್ಟು ಬೇಗ ಬೇಕು. ಬರೆದುಕೊಟ್ಟವರು ಬದುಕಿರುವಾಗಲೇ ಅವರನ್ನು ಕೂರಿಸಿಕೊಂಡು ಯಾವ ಕಾಲಂ ಏನೆಂದು ಕೇಳಿ ಬರೆದಿಟ್ಟುಕೊಳ್ಳುವುದು ಇದರಲ್ಲಿ ಅತ್ಯಂತ ತುರ್ತಿನ ಕೆಲಸ ಎನ್ನುವುದು ನನ್ನ ಅಭಿಪ್ರಾಯ.

ಅದಕ್ಕಿಂತ ಈಚಿನವು, ವಿಷುವಲ್ ಬೇಸಿಕ್‌ನಲ್ಲಿ ಬರೆದು ಆಕ್ಸೆಸ್ ಡೇಟಾಬೇಸ್ ಬಳಸುವ ಬಿಲ್ಲಿಂಗ್ ತಂತ್ರಾಂಶಗಳು, ಹೊಸ ಯಂತ್ರದಲ್ಲಿ ಕೂರುತ್ತವೆ ಆದರೆ ಡೇಟಾ ತೆರೆಯುವುದಿಲ್ಲ. ತಂತ್ರಾಂಶ 32 ಬಿಟ್‌ನದು, ಹೊಸದಾಗಿ ಬಂದ ಆಫೀಸ್ 64 ಬಿಟ್‌ನದು. ಡೇಟಾಬೇಸ್‌ಗೆ ದಾರಿ ಮಾಡಿಕೊಡುವ ಓಡಿಬಿಸಿ ವ್ಯವಸ್ಥೆಯೂ ವಿಂಡೋಸ್‌ನಲ್ಲಿ ಎರಡಿವೆ. ಸಿಸ್ಟಮ್32 ಎಂಬ ಹೆಸರಿನ ಫೋಲ್ಡರ್‌ನಲ್ಲಿರುವುದು 64 ಬಿಟ್‌ನದು, ಸಿಸ್‌ವಾವ್64 ಎಂಬ ಫೋಲ್ಡರ್‌ನಲ್ಲಿರುವುದು 32 ಬಿಟ್‌ನದು. ಹೆಸರು ನೋಡಿ ಹೋದವರು ತಪ್ಪು ಬಾಗಿಲಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ.

ಎಲ್ಲಕ್ಕಿಂತ ಗಾಬರಿ ಹುಟ್ಟಿಸುವ ತೊಡಕು ಯಾವ ಎರರ್ ಸಂದೇಶವನ್ನೂ ತೋರಿಸುವುದಿಲ್ಲ. ಒಂದೇ ಕಂಪ್ಯೂಟರ್, ಒಂದೇ ತಂತ್ರಾಂಶ. ಬೆಳಗಿನ ಪಾಳಿಯ ಗುಮಾಸ್ತೆ ತನ್ನ ಲಾಗಿನ್‌ನಲ್ಲಿ ಹೊಡೆದ ಬಿಲ್ಲುಗಳು ಮಧ್ಯಾಹ್ನ ಬಂದವನಿಗೆ ಕಾಣುವುದಿಲ್ಲ. ಅವನು ಹೊಡೆದದ್ದು ಮಾಲೀಕರಿಗೆ ಕಾಣುವುದಿಲ್ಲ. ಕಚೇರಿಯಲ್ಲಿ ಮೊದಲು ಹುಟ್ಟುವುದು ತಂತ್ರಾಂಶದ ಮೇಲಿನ ಅನುಮಾನವಲ್ಲ, ಮನುಷ್ಯರ ಮೇಲಿನದು. ಬಿಲ್ಲು ಅಳಿಸಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ವಿಂಡೋಸ್ ವಿಸ್ಟಾದಿಂದ ಈಚೆಗೆ ಸಾಮಾನ್ಯ ಬಳಕೆದಾರರು ‘ಪ್ರೋಗ್ರಾಮ್ ಫೈಲ್ಸ್’ ಫೋಲ್ಡರ್‌ನೊಳಗೆ ಬರೆಯುವಂತಿಲ್ಲ. ಆದರೆ ಅದಕ್ಕೂ ಹಿಂದಿನ ತಂತ್ರಾಂಶಗಳು ತಮ್ಮ ಡೇಟಾವನ್ನು ಅಲ್ಲೇ ಇಡುತ್ತಿದ್ದವು. ಅವು ಕೆಟ್ಟುನಿಲ್ಲದಿರಲಿ ಎಂದು ವಿಂಡೋಸ್ ಆ ಬರಹವನ್ನು ಸದ್ದಿಲ್ಲದೆ ಪ್ರತಿ ಬಳಕೆದಾರರ ಸ್ವಂತ ಫೋಲ್ಡರ್‌ನೊಳಗಿನ ‘ವರ್ಚುವಲ್‌ಸ್ಟೋರ್’ ಎಂಬ ಜಾಗಕ್ಕೆ ತಿರುಗಿಸುತ್ತದೆ. ಮೂವರು ಲಾಗಿನ್ ಆದರೆ ಮೂರು ಲೆಕ್ಕದ ಪುಸ್ತಕ. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದವರಿಗೆ ಮೂಲ ಜಾಗದ ನಾಲ್ಕನೆಯದು. ಇಂಥ ಕಚೇರಿಯಲ್ಲಿ ಫಾರ್ಮ್ಯಾಟ್ ಹೊಡೆಯುವವರು ಬ್ಯಾಕಪ್ ತೆಗೆದುಕೊಳ್ಳುತ್ತಾರೆ ನಿಜ. ತೆಗೆದುಕೊಳ್ಳುವುದು ಪ್ರೋಗ್ರಾಮ್ ಫೈಲ್ಸ್‌ನ ಪ್ರತಿಯನ್ನು ಮಾತ್ರ. ಉಳಿದ ಪುಸ್ತಕಗಳು ಶಾಶ್ವತವಾಗಿ ಹೋಗುತ್ತವೆ, ಜೊತೆಗೆ ತಪ್ಪು ಮಾಡದ ಗುಮಾಸ್ತೆಯ ಮೇಲಿನ ಅನುಮಾನ ಉಳಿಯುತ್ತದೆ. ಡೇಟಾ ಫೋಲ್ಡರನ್ನು ಪ್ರೋಗ್ರಾಮ್ ಫೈಲ್ಸ್‌ನ ಹೊರಗೆ, ಎಲ್ಲರಿಗೂ ಗೊತ್ತಿರುವ ಒಂದು ಜಾಗದಲ್ಲಿ ಇಡುವುದು ಇದಕ್ಕೆ ಮದ್ದು.

ಸರ್ವರ್ ಎಂಬ ಮಾತು ಬಂದರೆ ನಮ್ಮ ಸಣ್ಣ ಕಚೇರಿಗಳಲ್ಲಿ ಅದು ಸಾಮಾನ್ಯವಾಗಿ ಮೂಲೆಯಲ್ಲಿರುವ ಇನ್ನೊಂದು ಕಂಪ್ಯೂಟರ್, ಅಷ್ಟೇ. ಅದರಲ್ಲಿ ಟ್ಯಾಲಿಯ ಕಂಪನಿಗಳ ಡೇಟಾ ಇರುತ್ತದೆ, ಉಳಿದವರು ಹಂಚಿದ ಫೋಲ್ಡರ್ ಮೂಲಕ ತೆರೆಯುತ್ತಾರೆ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಆರಂಭಿಸಿದ ಉದ್ಯಮದಿಂದ ಬಂದ ಟ್ಯಾಲಿ ಇಷ್ಟು ಹಬ್ಬಲು, ಡೇಟಾಬೇಸ್ ಪಂಡಿತರಿಲ್ಲದ ಕಚೇರಿಯಲ್ಲೂ ಅದು ಹೀಗೆ ಫೋಲ್ಡರ್ ಹಂಚಿಕೊಂಡು ನಡೆಯುತ್ತದೆ ಎಂಬುದೂ ಒಂದು ಕಾರಣ ಎಂದು ನಾನು ಭಾವಿಸುತ್ತೇನೆ. ತೊಡಕು ಬರುವುದೂ ಅದೇ ಹಂಚಿಕೆಯಲ್ಲಿ.

ಇಂಟರ್ನೆಟ್ ಕಂಪನಿ ಬದಲಾಗಿ ಹೊಸ ರೂಟರ್ ಬಂತು ಎಂದಿಟ್ಟುಕೊಳ್ಳಿ. ಮರುದಿನ ಬೆಳಗ್ಗೆ ಯಾರ ಟ್ಯಾಲಿಯೂ ತೆರೆಯುವುದಿಲ್ಲ. ಲೈಸೆನ್ಸ್ ಸಿಗುತ್ತಿಲ್ಲ, ಡೇಟಾ ಪಾತ್ ಇಲ್ಲ ಎನ್ನುತ್ತದೆ. ತಂತ್ರಾಂಶ ಕೆಟ್ಟಿದೆ ಎಂದು ಮತ್ತೆ ಹಾಕಲು ಹೊರಡುತ್ತಾರೆ. ಆದದ್ದು ಎರಡು. ಹಳೆಯ ರೂಟರ್ ಕೊಡುತ್ತಿದ್ದ ವಿಳಾಸಗಳ ಸಾಲು ಒಂದು, ಹೊಸದರದ್ದು ಇನ್ನೊಂದು, ಹಾಗಾಗಿ ಸರ್ವರ್‌ನ ವಿಳಾಸ ಬದಲಾಗಿದೆ. ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ: ಹೊಸ ರೂಟರ್ ಎಂದರೆ ವಿಂಡೋಸ್‌ಗೆ ಹೊಸ ನೆಟ್‌ವರ್ಕ್, ಮತ್ತು ಗೊತ್ತಿಲ್ಲದ ನೆಟ್‌ವರ್ಕನ್ನು ಅದು ‘ಪಬ್ಲಿಕ್’ ಎಂದು ಎಣಿಸುತ್ತದೆ. ಬಸ್ ನಿಲ್ದಾಣದ ವೈಫೈಗೆ ಹಾಕುವ ಬಿಗಿಯನ್ನೇ ಇಲ್ಲೂ ಹಾಕಿ ಫೈರ್‌ವಾಲ್ ಹಂಚಿಕೆಯನ್ನು ಮುಚ್ಚುತ್ತದೆ. ಟ್ಯಾಲಿಯ ಲೈಸೆನ್ಸ್ ಕೊಡುವ ಗೇಟ್‌ವೇ ಸರ್ವರ್ ಮಾಮೂಲಿಯಾಗಿ ಕೇಳಿಸಿಕೊಳ್ಳುವ 9999ನೇ ಪೋರ್ಟ್ ಕೂಡ ಹೊರಗಿನವರಿಗೆ ಸಿಗುವುದಿಲ್ಲ. ನೆಟ್‌ವರ್ಕನ್ನು ‘ಪ್ರೈವೇಟ್’ ಎಂದು ಬದಲಿಸಿ, ಸರ್ವರ್‌ಗೆ ಬದಲಾಗದ ವಿಳಾಸ ಕೊಟ್ಟರೆ ಮುಗಿಯಿತು. ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್ ಬಳಸುವ ತಂತ್ರಾಂಶವಾದರೆ ಇನ್ನೊಂದು ಹೆಜ್ಜೆ ಇದೆ. ಅದು ಹೊಸದಾಗಿ ಕೂತಾಗ ಬೇರೆ ಯಂತ್ರಗಳಿಂದ ಬರುವ ಟಿಸಿಪಿ ಸಂಪರ್ಕ ಮುಚ್ಚಿರುತ್ತದೆ. ಸರ್ವರ್‌ನಲ್ಲಿ ಸೊಗಸಾಗಿ ಓಡಿ ಪಕ್ಕದ ಮೇಜಿನಲ್ಲಿ ಸಿಗದಿದ್ದರೆ ಮೊದಲು ನೋಡಬೇಕಾದ್ದು ಅದನ್ನು.

ಇಂಥ ಕಡೆ ಆತುರದ ದಾರಿಗಳು ಯಾವಾಗಲೂ ಸಿದ್ಧವಾಗಿರುತ್ತವೆ. ಫೈರ್‌ವಾಲ್ ಪೂರ್ತಿ ಆಫ್ ಮಾಡು, ಆ್ಯಂಟಿವೈರಸ್ ತೆಗೆ, ಎಲ್ಲರನ್ನೂ ಅಡ್ಮಿನಿಸ್ಟ್ರೇಟರ್ ಮಾಡು, ಫೋಲ್ಡರ್‌ಗೆ ‘ಎವ್ರಿಒನ್’ ಎಂದು ಪೂರ್ಣ ಅನುಮತಿ ಕೊಡು. ಹೌದು, ತಂತ್ರಾಂಶ ಓಡುತ್ತದೆ. ಪರೀಕ್ಷೆಗೆಂದು ಹತ್ತು ನಿಮಿಷ ಆಫ್ ಮಾಡಿ ನೋಡುವುದರಲ್ಲಿ ತಪ್ಪಿಲ್ಲ, ಅದರಿಂದ ತೊಡಕು ಯಾವ ಕಡೆ ಇದೆ ಎಂದು ತಿಳಿಯುತ್ತದೆ. ಆದರೆ ಆಫ್ ಮಾಡಿದ್ದನ್ನು ಹಾಗೇ ಬಿಟ್ಟು ಬಿಲ್ ಹರಿದುಕೊಟ್ಟು ಹೋಗುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇದರ ಬಗ್ಗೆ ನಾನು ಎಷ್ಟು ಗಟ್ಟಿಯಾಗಿ ಹೇಳಿದರೂ ಕಡಿಮೆಯೇ.

2017ರ ಜೂನ್ 27ರಂದು ಯುಕ್ರೇನ್‌ನಲ್ಲಿ ಶುರುವಾದ ನಾಟ್‌ಪೆಟ್ಯಾ ದಾಳಿಯನ್ನು ನೆನಪಿಸಿಕೊಳ್ಳಿ. ಅದು ಒಳನುಗ್ಗಿದ್ದು ಆ ದೇಶದ ಕಚೇರಿಗಳು ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ಎಂ.ಇ.ಡಾಕ್ ಎಂಬ ತಂತ್ರಾಂಶದ ಅಪ್‌ಡೇಟ್ ಮೂಲಕ. ಒಳಗೆ ಬಂದ ಮೇಲೆ ಒಂದು ಯಂತ್ರದ ನೆನಪಿನಲ್ಲಿ ಉಳಿದಿದ್ದ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್‌ಗಳನ್ನು ಕದ್ದು, ತೇಪೆ ಹಾಕದ ಹಳೆಯ ಫೈಲ್ ಹಂಚಿಕೆಯ ಬಿರುಕನ್ನು ಬಳಸಿ ಪಕ್ಕದ ಯಂತ್ರಕ್ಕೆ ಹಾರಿತು. ಡೆನ್ಮಾರ್ಕ್‌ನ ಹಡಗು ಕಂಪನಿ ಮೇರ್ಸ್ಕ್ ನಿಂತೇಹೋಯಿತು. ಮುಂಬೈ ಪಕ್ಕದ ಜವಾಹರಲಾಲ್ ನೆಹರೂ ಬಂದರಿನ ಅದರ ಟರ್ಮಿನಲ್‌ನಲ್ಲೂ ಕೆಲಸ ಕೆಟ್ಟಿತು. 4,000 ಸರ್ವರ್, 45,000 ಕಂಪ್ಯೂಟರ್, 2,500 ತಂತ್ರಾಂಶಗಳನ್ನು ಹತ್ತು ದಿನಗಳಲ್ಲಿ ಮತ್ತೆ ಹಾಕಬೇಕಾಯಿತು ಎಂದು ಕಂಪನಿಯ ಆಗಿನ ಅಧ್ಯಕ್ಷರು ಮರುವರ್ಷ ದಾವೋಸ್‌ನಲ್ಲಿ ಹೇಳಿದರು. ಯಾರಿಗೆ ಯಾವ ಅನುಮತಿ ಎಂದು ತೀರ್ಮಾನಿಸುವ ಡೊಮೈನ್ ಕಂಟ್ರೋಲರ್‌ಗಳ ಪೈಕಿ ಉಳಿದದ್ದು ಒಂದೇ, ಘಾನಾ ದೇಶದ ಕಚೇರಿಯದು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು. ಆ ಒಂದು ಡಿಸ್ಕನ್ನು ಕೈಯಿಂದ ಕೈಗೆ ದಾಟಿಸಿ ಇಂಗ್ಲೆಂಡಿಗೆ ತಂದು ಉಳಿದದ್ದನ್ನು ಕಟ್ಟಿದರು. ಅಷ್ಟು ದೊಡ್ಡ ಕಂಪನಿಯನ್ನು ಉಳಿಸಿದ್ದು ಕರೆಂಟ್ ಹೋದ ಒಂದು ಅದೃಷ್ಟ. ನಮ್ಮ ಪತ್ತಿನ ಸಂಘಗಳಿಗೆ ಅಂಥ ಅದೃಷ್ಟವನ್ನು ನಂಬಿ ಕೂರುವ ಹಕ್ಕಿಲ್ಲ, ಅಲ್ಲಿರುವುದು ಬೇರೆಯವರ ದುಡ್ಡು.

ಆ ದಾಳಿಯ ನಂತರ ವಿಂಡೋಸ್‌ನಿಂದ ಎಸ್‌ಎಂಬಿ 1 ಎಂಬ ಹಳೆಯ ಹಂಚಿಕೆ ಪದ್ಧತಿಯನ್ನು ಹೊರಗಿಡುತ್ತ ಬಂದರು. 2017ರ ಕೊನೆಯ ಹೊತ್ತಿನ ವಿಂಡೋಸ್ 10ರಿಂದ ಹೊಸದಾಗಿ ಹಾಕಿದ ಯಂತ್ರಗಳಲ್ಲಿ ಅದು ತಾನಾಗಿ ಉಳಿಯುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿ ಇನ್ನೊಂದು ಹೆಜ್ಜೆ ಹೋಗಿದೆ. ಪ್ರೊ ಆವೃತ್ತಿಯಲ್ಲಿ ಪಾಸ್‌ವರ್ಡ್ ಇಲ್ಲದೆ ‘ಗೆಸ್ಟ್’ ಆಗಿ ಫೋಲ್ಡರ್ ತೆರೆಯಲು ಅದು ಬಿಡುವುದಿಲ್ಲ. ಮೂಲೆಯಲ್ಲಿ ಹಳೆಯ ಶೇಖರಣಾ ಪೆಟ್ಟಿಗೆಯೋ ಎಕ್ಸ್‌ಪಿ ಯಂತ್ರವೋ ಇದ್ದರೆ ಹೊಸ ಕಂಪ್ಯೂಟರ್ ಅದನ್ನು ನೋಡುವುದೇ ಇಲ್ಲ. ಎಸ್‌ಎಂಬಿ 1 ಮತ್ತೆ ಆನ್ ಮಾಡಿ ಎಂಬ ಸಲಹೆ ಕೂಡಲೇ ಬರುತ್ತದೆ. ಮಾಡಬೇಡಿ. ಒಂದು ಹೆಸರು, ಒಂದು ಪಾಸ್‌ವರ್ಡ್ ಕೊಟ್ಟು ಹಂಚಿ. ಆ ಪೆಟ್ಟಿಗೆಗೆ ಹೊಸ ಪದ್ಧತಿ ಬರದಿದ್ದರೆ ಪೆಟ್ಟಿಗೆಯನ್ನೇ ಬದಲಿಸಿ.

ಕನ್ನಡಕ್ಕೆ ಸಂಬಂಧಿಸಿದ ತೊಡಕುಗಳೂ ಇವೆ. ವಿಂಡೋಸ್‌ಗೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟ್ ಜೊತೆಗೆ, ಯೂನಿಕೋಡ್ ರೂಪದಲ್ಲಿ ಮಾತ್ರ. ಯೂನಿಕೋಡ್ ಅರಿಯದ ಹಳೆಯ ತಂತ್ರಾಂಶಗಳಿಗೆ ಕನ್ನಡ ಎಂಬುದೇ ಇಲ್ಲ. ಆ ಕೊರತೆಯನ್ನು ನುಡಿ, ಬರಹ ಎಂಬ ತಂತ್ರಾಂಶಗಳು ತುಂಬಿದವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನಿಟ್ಟ ಫಾಂಟ್‌ಗಳಿಂದ ನಮ್ಮ ಕಚೇರಿಗಳು ವರ್ಷಗಟ್ಟಲೆ ಕನ್ನಡದಲ್ಲಿ ರಸೀದಿ ಕೊಟ್ಟವು. ಹೊಸ ಯಂತ್ರಕ್ಕೆ ತಂತ್ರಾಂಶ ಹಾಕಿ ಆ ಫಾಂಟ್ ಹಾಕದಿದ್ದರೆ ಸದಸ್ಯರ ಹೆಸರುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಡೇಟಾ ಹಾಳಾಗಿದೆ ಎಂದು ಯಾರೂ ಎದೆಗೆಡಬಾರದು. ಇನ್ನೊಂದು, ಹೊಸ ಕಂಪ್ಯೂಟರ್‌ನಲ್ಲಿ ಬಳಕೆದಾರರ ಹೆಸರನ್ನು ಪ್ರೀತಿಯಿಂದ ಕನ್ನಡದಲ್ಲಿ ಕೊಟ್ಟರೆ ಫೋಲ್ಡರ್‌ಗೂ ಕನ್ನಡದ ಹೆಸರು ಬರಬಹುದು, ಆ ದಾರಿಯನ್ನು ಓದಲಾರದೆ ಹಳೆಯ ಇನ್‌ಸ್ಟಾಲರ್‌ಗಳು ಮುಗ್ಗರಿಸುತ್ತವೆ. ಇದು ಕನ್ನಡದ ತಪ್ಪಲ್ಲ. ನಮ್ಮ ಊರಿನಲ್ಲೇ ಮಾರುವ ತಂತ್ರಾಂಶ 2026ರಲ್ಲೂ ಕನ್ನಡದ ಹೆಸರಿಗೆ ಬಿದ್ದುಹೋಗುತ್ತದೆ ಎಂದರೆ ಮಾರಿದವರನ್ನು ಕೇಳಬೇಕು, ಪಟ್ಟುಹಿಡಿದು ಕೇಳಬೇಕು.

ತಾರೀಖಿನ ಗೊಂದಲವೂ ಇಲ್ಲಿಯದೇ. ವಿಂಡೋಸನ್ನು ಅಮೆರಿಕದ ಪ್ರಾದೇಶಿಕ ಆಯ್ಕೆಯಲ್ಲಿ ಹಾಕಿಬಿಟ್ಟರೆ ತಿಂಗಳು ಮೊದಲು, ದಿನ ಆಮೇಲೆ. ಕೆಲವು ಹಳೆಯ ತಂತ್ರಾಂಶಗಳಲ್ಲಿ 12ನೇ ತಾರೀಖಿನವರೆಗೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ, ಏಪ್ರಿಲ್ 5 ಮೇ 4 ಆಗಿ ಕೂತಿರುತ್ತದೆ ಅಷ್ಟೇ. 13ರಂದು ಎರರ್ ಬಂದಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ಹನ್ನೆರಡು ದಿನದ ಬಿಲ್ಲುಗಳು ಬೇರೆಬೇರೆ ತಿಂಗಳಿಗೆ ಹಂಚಿಹೋಗಿರುತ್ತವೆ.

ಡಿಜಿಟಲ್ ಸಹಿಯ ವಿಷಯ ಚಿಕ್ಕದು, ಆದರೆ ಜನ ಬಹಳ ನರಳುವುದು ಅದರಲ್ಲಿ. ರಿಟರ್ನ್‌ಗೆ ಸಹಿ ಹಾಕುವಾಗ ‘ಸರ್ವರ್‌ಗೆ ಸಂಪರ್ಕ ಸಿಗಲಿಲ್ಲ’ ಎಂದು ಬಂದರೆ ಎಲ್ಲರೂ ಸರಕಾರದ ಪೋರ್ಟಲನ್ನು ಬೈಯುತ್ತಾರೆ. ಎಷ್ಟೋ ಸಲ ಅಲ್ಲಿ ಹೇಳಿದ ಸರ್ವರ್ ನಿಮ್ಮ ಕಂಪ್ಯೂಟರ್‌ನೊಳಗೇ ಇರುತ್ತದೆ. ಜಿಎಸ್‌ಟಿಗೆ ಎಂಸೈನರ್, ಆದಾಯ ತೆರಿಗೆಗೆ ಎಂಬ್ರಿಡ್ಜ್ ಎಂಬ ಪುಟ್ಟ ಪ್ರೋಗ್ರಾಮ್‌ಗಳು ಹಿನ್ನೆಲೆಯಲ್ಲಿ ಓಡುತ್ತ, ಬ್ರೌಸರ್ ಮತ್ತು ಯುಎಸ್‌ಬಿ ಟೋಕನ್ ನಡುವೆ ಮಾತುಕತೆ ನಡೆಸುತ್ತವೆ. ಅದು ಓಡುತ್ತಿದೆಯೇ, ಟೋಕನ್‌ನ ಡ್ರೈವರ್ ಇದೆಯೇ, ಆ್ಯಂಟಿವೈರಸ್ ತಡೆದಿದೆಯೇ ಎಂದು ನೋಡಿದರೆ ಬಹುಪಾಲು ಸಲ ಅಲ್ಲಿಗೆ ಮುಗಿಯುತ್ತದೆ.

ಇಷ್ಟು ಹೇಳಿದ ಮೇಲೆ, ಕಚೇರಿಗಳು ಕೊಳ್ಳಬೇಕಾದ ಅತಿ ಅಗ್ಗದ ಸಾಧನ ಒಂದು ನೂರು ಪುಟದ ನೋಟ್‌ಬುಕ್. ಯಾವ ತಂತ್ರಾಂಶ, ಯಾವ ಆವೃತ್ತಿ, ಲೈಸೆನ್ಸ್ ಯಾವ ಇಮೇಲ್ ಮೇಲೆ ಇದೆ, ಡೇಟಾ ಎಲ್ಲಿ, ಸರ್ವರ್‌ನ ವಿಳಾಸ ಏನು, ಯಾವ ದಿನ ಯಾರು ಬಂದು ಏನು ಬದಲಿಸಿದರು. ಡಿಸ್ಕ್ ಬಿಟ್‌ಲಾಕರ್‌ನಿಂದ ಬೀಗ ಹಾಕಿದ್ದರೆ ಅದರ ರಿಕವರಿ ಕೀ ಎಲ್ಲಿದೆ ಎಂಬುದೂ ಅಲ್ಲಿರಲಿ, ಕೀ ಮಾತ್ರ ಬೀರುವಿನಲ್ಲಿರಲಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದಾಗ, ತೆಗೆಯಬೇಕಾದ್ದು ಒಂದು ಚಿಕ್ಕ ಫೈಲ್ ಮಾತ್ರ. ಆ ಕೀ ಕೈಗೆ ಸಿಗದ ಕಚೇರಿಗಳು ಆ ಚಿಕ್ಕ ಫೈಲನ್ನು ತಲುಪಲು ಹೆಣಗಾಡಿದವು.

ಮತ್ತೆ, ಬಂದ ಹುಡುಗನಿಗೆ ಸಮಯ ಕೊಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸು, ಬದಲಿಸಿದ್ದನ್ನು ಬರೆ, ಫಲಿಸದಿದ್ದರೆ ಹಿಂದಕ್ಕೆ ತೆಗೆ ಎಂದು ಹೇಳಿ, ಹಾಗೆ ಕೆಲಸ ಮಾಡುವವನಿಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಡಿ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಂದ ತಾಲ್ಲೂಕಿನ ಸರ್ವೀಸ್ ಸೆಂಟರ್‌ವರೆಗೆ ಈ ಕೆಲಸವನ್ನು ನೋಡಿ ಕಲಿತ ಸಾವಿರಾರು ಜನ ನಮ್ಮಲ್ಲಿದ್ದಾರೆ. ಲಾಗ್ ಓದುವ ತಾಳ್ಮೆ ಅವರಲ್ಲಿ ಇಲ್ಲವೆಂದಲ್ಲ, ಅದಕ್ಕೆ ಬೆಲೆ ಕಟ್ಟುವವರು ಕಡಿಮೆ.

ಹೊಸ ಯಂತ್ರಕ್ಕೆ ಬದಲಾಯಿಸುವುದಿದ್ದರೆ ತಿಂಗಳ 20 ಕಳೆಯಲಿ. ಮಾಸಿಕ ರಿಟರ್ನ್ ಕೊಡುವವರಿಗೆ ಸಾಮಾನ್ಯವಾಗಿ 11ಕ್ಕೆ ಜಿಎಸ್‌ಟಿಆರ್ 1, 20ಕ್ಕೆ 3ಬಿ. ಆ ವಾರಗಳಲ್ಲಿ ಯಾವುದನ್ನೂ ಮುಟ್ಟಬೇಡಿ. ಹಳೆಯದರಲ್ಲಿ ಟ್ಯಾಲಿಯ ಲೈಸೆನ್ಸ್ ಸರೆಂಡರ್ ಮಾಡಿ, ಡೇಟಾದ ಪ್ರತಿಯನ್ನು ಹೊಸದರಲ್ಲಿ ತೆರೆದು ಮುಕ್ತಾಯದ ಶಿಲ್ಕು ಎರಡರಲ್ಲೂ ಒಂದೇ ಇದೆಯೇ ತಾಳೆ ನೋಡಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಒಂದು ಬಿಲ್ಲು ತೆಗೆಯಿರಿ, ಸಹಿಯ ಟೋಕನ್ ಚುಚ್ಚಿ ನೋಡಿ. ಎಕ್ಸ್‌ಚೇಂಜ್‌ನಲ್ಲಿ ಎರಡು ಸಾವಿರ ಸಿಗುತ್ತದೆಂದು ಹಳೆಯ ಡಬ್ಬವನ್ನು ಅದೇ ದಿನ ಕೊಟ್ಟು ಕಳಿಸಬೇಡಿ. ಮುಂದಿನ ತಿಂಗಳ ಎರಡೂ ರಿಟರ್ನ್‌ಗಳು ಹೊಸ ಯಂತ್ರದಿಂದಲೇ ಹೋಗಿ ಸ್ವೀಕೃತಿ ಬರುವವರೆಗೆ ಅದು ಕೋಣೆಯಲ್ಲೇ ಇರಲಿ.